ಜೆರಿನ್ ಯಾವ ಟೀಮಿನವ?

ಫೋಟೋದಿಂದ ಮನುಷ್ಯನನ್ನು ಬಿಡಿಸಿ ತೆಗೆಯುವಾಗ ಮುಖ ಕಾಣುವುದಿಲ್ಲ, ಅಂಚು ಮಾತ್ರ ಕಾಣುತ್ತದೆ. ಕೂದಲು, ಕಿವಿ, ಹೆಗಲು, ಜೆರ್ಸಿಯ ತೋಳು ಅಂತ ಇರುವೆ ಹೋದ ಹಾಗೆ ಸುತ್ತ ಹೋಗುವುದು. ಅದೂ ಹನ್ನೊಂದು ತಿಂಗಳ ಮಗಳು ಮಡಿಲಲ್ಲಿ ಕೂತು ಮೌಸಿಗೆ ಕೈ ಹಾಕುತ್ತಿರುವಾಗ. ಹಾಗಾಗಿ ಆ ಮಂಗಳವಾರ ನಾನು ಮಾಡಿದ ಕೆಲಸದಲ್ಲಿ ಎಂತ ಎಡವಟ್ಟಾಗಿದೆ ಅಂತ ನನಗೆ ಗೊತ್ತೇ ಆಗಲಿಲ್ಲ. ಹೇಳಿದ್ದು ಅತ್ತೆ.

ಮಗುವಿಗೆ ರಾಗಿ ಮಣ್ಣಿ ತಿನ್ನಿಸಲು ಬಂದವರು ಚಮಚ ಕೈಯಲ್ಲೇ ಹಿಡಿದು ಲ್ಯಾಪ್‌ಟಾಪಿನ ಎದುರು ನಿಂತರು. "ಎಂತ ದೀಕ್ಷಿತಾ, ಇವರು ಒಂದೇ ಮನೆಯವರಾ? ಅಣ್ಣತಮ್ಮಂದಿರು ಮೂರು ಜನ ಮೂರು ಟೀಮಿನಲ್ಲಿ ಆಡುದಾ?"

ನೋಡಿದೆ. ರಾಮಕುಂಜದ ಹಸಿರು ಜೆರ್ಸಿಯವನಿಗೆ ಗಡ್ಡ. ಪಂಜದ ಕೆಂಪು ಜೆರ್ಸಿಯವನ ತಲೆಗೆ ಟೊಪ್ಪಿ. ನಮ್ಮ ಕೋಡಿಂಬಾಳದ ಹಳದಿ ಜೆರ್ಸಿಯವ ಹಾರಿ ಬಾಲ್ ಹೊಡೆಯುತ್ತಿದ್ದಾನೆ, ಅರ್ಧ ಮುಖಕ್ಕೆ ಅವನದೇ ಕೈ ಅಡ್ಡ. ಮೂವರಿಗೂ ಒಂದೇ ಮೂಗು. ಮೂವರಿಗೂ ಎಡ ಹುಬ್ಬಿನ ಮೇಲೆ ಅದೇ ಸಣ್ಣ ಗಾಯದ ಗೆರೆ.

"ಅತ್ತೆ, ಇದು ಜೆರಿನಣ್ಣ!"

"ಯಾವುದು?"

"ಮೂರೂ."

ನನಗೆ ನಾಚಿಕೆಯೇ ಆಯಿತು. ನನ್ನ ತವರು ನೆಟ್ಟಣ, ರೈಲ್ವೇ ಸ್ಟೇಷನ್ನಿನಿಂದ ಒಂದು ಕಿಲೋಮೀಟರ್ ಒಳಗೆ. ಅಲ್ಲಿಂದ ಎರಡು ಮನೆ ದಾಟಿದರೆ ಜೆರಿನಣ್ಣನ ಮನೆ. ಸಣ್ಣವಳಿರುವಾಗ ನೋಡುತ್ತಾ ಬೆಳೆದ ಮುಖವನ್ನು ಮೂರು ಸಲ ಕತ್ತರಿಸಿ ಮೂರು ಕಡೆ ಅಂಟಿಸಿದ್ದೆ.

ವಿಷಯ ಎಂತ ಅಂದರೆ, ಇವರ ಕ್ಲಬ್ಬಿನ ವಾಲಿಬಾಲ್ ಪಂದ್ಯಾಟಕ್ಕೆ ಈ ಸಲ ಇಪ್ಪತ್ತೈದನೆಯ ವರ್ಷ. ಇವರು ಅಂದರೆ ನನ್ನ ಗಂಡ ಹರಿಪ್ರಸಾದ್, ಕೋಡಿಂಬಾಳ ಟೀಮಿನ ಕ್ಯಾಪ್ಟನ್. ಆರು ಟೀಮು, ಆದಿತ್ಯವಾರ ಕಡಬದ ಮೈದಾನದಲ್ಲಿ ಇಡೀ ಹಗಲು ಆಟ. ಮೈದಾನದ ಬಾಗಿಲಿಗೆ ಹತ್ತಡಿ ಎತ್ತರದ ಫ್ಲೆಕ್ಸ್. ಅದರಲ್ಲಿ ಆರು ಟೀಮಿಗೆ ಆರು ಮುಖ. ನಾನು ಮನೆಯಲ್ಲಿ ಕೂತು ಕಡಬದ ಒಂದು ಫ್ಲೆಕ್ಸ್ ಅಂಗಡಿಗೆ ಡಿಸೈನ್ ಮಾಡಿ ಕೊಡುವವಳು, ಆದ್ದರಿಂದ ಅದು ನನ್ನ ಕೈಗೇ ಬಂತು. ಗುರುವಾರ ಸಂಜೆ ನಾಲ್ಕಕ್ಕೆ ಫೈಲ್ ಕಳಿಸಬೇಕು.

ಮುಖದ ಯೋಚನೆ ಕ್ಲಬ್ಬಿನ ಅಧ್ಯಕ್ಷ ಕುಕ್ಕಪ್ಪಣ್ಣನದ್ದು. ನಮ್ಮ ಕಡೆ ಪಂದ್ಯಾಟಕ್ಕೆ ಹೊರಗಿನ ಒಳ್ಳೆಯ ಆಟಗಾರರನ್ನು ಹೇಳಿಕೆ ಕೊಟ್ಟು ಕರೆಸುವ ಕ್ರಮ ಉಂಟು. ಅವರಿಗೆ ಗೆಸ್ಟ್ ಅಂತ ಹೆಸರು. ಈ ವಾರ ಒಂದು ಟೀಮು, ಮುಂದಿನ ವಾರ ಅದರ ಎದುರು ಟೀಮು. ಬಂದು, ಕೊಟ್ಟ ಜೆರ್ಸಿ ಹಾಕಿ, ಆಡಿ, ಬೆವರಿನ ಜೆರ್ಸಿ ವಾಪಸು ಕೊಟ್ಟು, ಊಟ ಮಾಡಿ ಹೋಗುವುದು. ಕುಕ್ಕಪ್ಪಣ್ಣ ಮೀಟಿಂಗಿನಲ್ಲಿ ಹೇಳಿದರಂತೆ, "ಕಳೆದ ವರ್ಷ ಸೆಮಿಫೈನಲಿನಲ್ಲಿ ಎರಡು ಟೀಮು ಸೇರಿ ಊರಿನವರು ಮೂರೇ ಜನ ಮಾರಾಯ್ರೆ. ಪ್ರೈಜ್ ಕೊಡುವಾಗ ಯಾವ ಊರು ಗೆದ್ದದ್ದು ಅಂತ ನನಗೇ ಡೌಟು. ಈ ಸಲ ಪ್ರತಿ ಟೀಮು ಒಂದು ಮುಖ ಕೊಡಲಿ. ಈ ಟೀಮು ಅಂದ್ರೆ ಇವ, ಅಂತ ಆಗ್ಬೇಕು. ಫ್ಲೆಕ್ಸಿನಲ್ಲಿ ಮುಖ ಇದ್ದವ ಆ ಟೀಮಿಗೇ ಆಡುದು, ಬೇರೆಯವರಿಗೆ ಕೊಡ್ಲಿಕ್ಕಿಲ್ಲ."

ಆ ರೂಲ್ಸಿನಿಂದ ಇಷ್ಟಾಯಿತು. ಐದು ಟೀಮಿನ ಫೋಟೋ ಬಂದಿತ್ತು. ಅದರಲ್ಲಿ ಮೂರು ಜೆರಿನಣ್ಣ. ಆರನೆಯದ್ದು, ನೆಟ್ಟಣದ್ದು, ಬರಲೇ ಇಲ್ಲ.

ರಾಮಕುಂಜದ ಕ್ಯಾಪ್ಟನ್ ಮುನವ್ವರನಿಗೆ ಫೋನ್ ಮಾಡಿದೆ. "ಅಕ್ಕಾ, ಜೆರಿನಣ್ಣ ಒಂಬತ್ತು ವರ್ಷದಿಂದ ನಮಗೆ ಆಡುದು. ಕೇಳಿ ನೋಡಿ. ಆಯ್ತು ಅಂತ ಹೇಳಿದ್ದಾರೆ."

ಪಂಜದ ರಕ್ಷಿತ್, "ಮೊನ್ನೆ ಆದಿತ್ಯವಾರ ಕೆಂಪು ಜೆರ್ಸಿಯಲ್ಲಿ ಕಪ್ ಎತ್ತಿದ್ದು ಯಾರು ಹಾಗಾದ್ರೆ? ನಾನೇ ಕೇಳಿದ್ದೇನೆ. ಆಯ್ತು ಅಂದಿದ್ದಾರೆ."

ಸಂಜೆ ಇವರು ಸೊಸೈಟಿ ಕೆಲಸ ಮುಗಿಸಿ ಬಂದ ಕೂಡಲೇ ಕೇಳಿದೆ. ಶರ್ಟು ಬಿಚ್ಚುತ್ತಾ ಹೇಳಿದರು, "ನಾನು ಮೊದಲು ಕೇಳಿದ್ದು. ಆಯ್ತು ಅಂದ."

"ಅವರು ಎಲ್ಲರಿಗೂ ಆಯ್ತು ಅಂದಿದ್ದಾರೆ."

"ಲ್ಯಾಪ್‌ಟಾಪ್ ಯಾರ ಮನೆಯಲ್ಲಿ ಉಂಟು?" ಅಂತ ನಕ್ಕರು. "ನಮ್ಮದರಲ್ಲಿ ಹಾಕು, ಮುಗೀತು. ಉಳಿದವರು ಬೇರೆ ನೋಡ್ಕೊಳ್ಳಲಿ."

"ನಿಮ್ಮ ಟೀಮಿನಲ್ಲಿ ನೀವೇ ಯಾರೂ ಇಲ್ವಾ?"

"ಫ್ಲೆಕ್ಸಿಗೆ ಆಗುವ ಹಾಗೆ ಯಾರಿದ್ದಾರೆ ಮಾರಾಯ್ತಿ?"

ಆ ದಿನದ ಡೈರಿಯಲ್ಲಿ ಎರಡೇ ಸಾಲು ಬರೆದಿದ್ದೇನೆ. ಮಗಳಿಗೆ ಕೆಳಗಿನ ಎರಡನೇ ಹಲ್ಲು ಕಾಣುತ್ತದೆ. ಜೆರಿನಣ್ಣ ಯಾವ ಟೀಮಿನವರು ಅಂತ ಯಾರಿಗೂ ಗೊತ್ತಿಲ್ಲ.

ಮರುದಿನ ಮಗುವನ್ನು ಎತ್ತಿಕೊಂಡು ಬಸ್ಸಿನಲ್ಲಿ ತವರಿಗೆ ಹೋದೆ. ಅಮ್ಮನ ಹತ್ತಿರ ಅರ್ಧ ಗಂಟೆ ಕೂತು ಜೆರಿನಣ್ಣನ ಮನೆಗೆ ನಡೆದೆ. ಕ್ರಿಸ್‌ಮಸ್ ಕಳೆದು ಎರಡು ವಾರ ಆದರೂ ಜಗಲಿಯಲ್ಲಿ ನಕ್ಷತ್ರ ತೂಗುತ್ತಿತ್ತು. ಅಂಗಳದ ಹಗ್ಗದಲ್ಲಿ ರಬ್ಬರ್ ಶೀಟುಗಳು, ಅವುಗಳ ಪಕ್ಕದಲ್ಲಿ ಶಾಲೆಯ ಯೂನಿಫಾರ್ಮು, ಲುಂಗಿ. ಮೂರು ತಾಲೂಕಿನಲ್ಲಿ ಹೆಸರಿರುವ ಆಟಗಾರನ ಮನೆಯ ಹಗ್ಗದಲ್ಲಿ ಒಂದೂ ಜೆರ್ಸಿ ಇರಲಿಲ್ಲ. ನಾನು ನೋಡಿದೆ, ಅಷ್ಟೆ. ಆಗ ಅದರಲ್ಲಿ ಎಂತದ್ದೂ ಹೊಳೆಯಲಿಲ್ಲ.

ಅವರ ಅಮ್ಮ ಲೀಲಾಮ್ಮ ಮಗುವನ್ನು ಕೈಯಿಂದ ಕಿತ್ತುಕೊಂಡರು. "ಮೋಳೇ, ನನ್ನ ಮಗಳೇ, ಬಾ ಬಾ. ಎಂತ ಸಣ್ಣ ಆಗಿದ್ದೀ ದೀಕ್ಷಿತಾ? ಇದು ಕುಡಿದು ಕುಡಿದು ನಿನ್ನನ್ನು ಮುಗಿಸ್ತಾ ಉಂಟು." ಬೇಯಿಸಿದ ಮರಗೆಣಸು, ಗಾಂಧಾರಿ ಮೆಣಸಿನ ಚಟ್ನಿ ಎದುರಿಗೆ ಬಂತು. ಬಾಣಂತಿತನ ಮುಗಿದ ಮೇಲೂ ಹೊಟ್ಟೆಯ ಹಸಿವು ಮುಗಿದಿರಲಿಲ್ಲ. ತಿಂದೆ.

ಜೆರಿನಣ್ಣ ಹಿತ್ತಿಲಿನಿಂದ ಬಂದರು. ಮೂವತ್ತಾರು ವರ್ಷ, ಬಾಗಿಲಿಗೆ ತಲೆ ತಾಗದ ಹಾಗೆ ಬಗ್ಗಿ ಬರುವ ಎತ್ತರ, ಕೂತರೆ ಮೊಣಕಾಲು ಎಲ್ಲಿ ಇಡುವುದು ಅಂತ ಗೊತ್ತಾಗದವರ ಹಾಗೆ ಕೂರುವುದು. ಬೆಳಿಗ್ಗೆ ನಾನೂರು ರಬ್ಬರ್ ಮರಕ್ಕೆ ಕತ್ತಿ ಹಾಕಿ, ಹಾಲು ಒಟ್ಟು ಮಾಡಿ, ಶೀಟು ಒತ್ತಿ ಮುಗಿಸುವಾಗ ಮಧ್ಯಾಹ್ನ. ಹೆಂಡತಿ ಶೈನಿ ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್, ಬೆಳಗಿನ ಬಸ್ಸಿಗೆ ಹೋದವಳು ಸಂಜೆಯೇ ಬರುವುದು. ಆದಿತ್ಯವಾರ ಒಂದು ಮಾತ್ರ ಇವರದ್ದು. ಅದನ್ನೂ ಯಾರಾದರೂ ಫೋನ್ ಮಾಡಿ ತೆಗೆದುಕೊಳ್ಳುತ್ತಾರೆ.

ಫೋನಿನಲ್ಲಿ ಮೂರು ಮುಖ ತೋರಿಸಿದೆ. ಮೊದಲು ನಕ್ಕರು. ಆಮೇಲೆ ಕಿವಿ ಕೆಂಪಾಯಿತು.

"ಮೂರು ಜನಕ್ಕೂ ಆಯ್ತು ಅಂದದ್ದು ಎಂತಕ್ಕೆ ಜೆರಿನಣ್ಣ?"

"ಕೇಳಿದ್ರಲ್ಲ."

"ಕೇಳಿದವರಿಗೆಲ್ಲ ಆಯ್ತು ಅಂದ್ರೆ ಹೇಗೆ?"

ಉತ್ತರ ಕೊಟ್ಟದ್ದು ಲೀಲಾಮ್ಮ. "ಅದು ಇವನ ಅಪ್ಪನ ಬುದ್ಧಿ."

ಅಪ್ಪ ಉತುಪ್ ಕೇರಳದ ಪಾಲಾ ಕಡೆಯಿಂದ ಇಲ್ಲಿಗೆ ಬಂದು ಗುಡ್ಡ ಕಡಿದು ರಬ್ಬರ್ ಇಟ್ಟವರು. ಮೊದಲ ಮೂರು ವರ್ಷ ಊರಿನ ಯಾರೂ ಒಂದು ಮದುವೆಗೂ ಇವರಿಗೆ ಹೇಳಿಕೆ ಕೊಡಲಿಲ್ಲವಂತೆ. ಜಗಳ ಎಂತದ್ದೂ ಇಲ್ಲ, ಇವರು ಯಾರು ಅಂತಲೇ ಊರಿಗೆ ಗೊತ್ತಿರಲಿಲ್ಲ, ಅಷ್ಟೆ. ನಾಲ್ಕನೆಯ ವರ್ಷ ಒಬ್ಬರು ದಾರಿಯಲ್ಲಿ ನಿಲ್ಲಿಸಿ ಮಗಳ ಮದುವೆಗೆ ಬನ್ನಿ ಅಂದರು. ಉತುಪ್ ಆ ದಿನ ಎರಡು ಸಲ ಗಡ್ಡ ಬೋಳಿಸಿಕೊಂಡರಂತೆ. "ಕರೆದವರಿಗೆ ಇಲ್ಲ ಅನ್ನಬಾರದು, ಕರೆಯುವವರು ಇರುದೇ ದೊಡ್ಡದು," ಅಂತ ಸಾಯುವವರೆಗೂ ಹೇಳುತ್ತಿದ್ದರು. ಅವರು ಹೋದದ್ದು ಜೆರಿನಣ್ಣ ಎರಡನೇ ಪಿಯುಸಿಯಲ್ಲಿರುವಾಗ. ಪರೀಕ್ಷೆ ಮುಗಿದ ಮರುದಿನದಿಂದ ಕತ್ತಿ ಇವರ ಕೈಗೆ ಬಂತು. ಈ ಮಾತೂ ಅದರ ಜೊತೆಗೇ ಬಂದಿರಬೇಕು.

"ಹಾಗಾದ್ರೆ ನೀವೇ ಹೇಳಿ. ಯಾವ ಟೀಮಿನಲ್ಲಿ ಹಾಕಲಿ? ನೀವು ಹೇಳಿದ್ದನ್ನು ಹಾಕ್ತೇನೆ. ಹಳದಿ ಅಂದ್ರೆ ನನ್ನ ಗಂಡನಿಗೆ ಖುಷಿ, ಆದ್ರೆ ಹಾಗಂತ ಹೇಳ್ಬೇಡಿ."

ಅಷ್ಟರಲ್ಲಿ ಶಾಲೆಯ ವ್ಯಾನ್ ಬಂತು. ಮಗಳು ಆನ್ ಮರಿಯಾ, ಒಂದನೇ ಕ್ಲಾಸು, ಬ್ಯಾಗು ಎಸೆದು ಫೋನಿನೊಳಗೆ ತಲೆ ಹಾಕಿದಳು. "ಪಪ್ಪ, ಪಪ್ಪ, ಪಪ್ಪ," ಅಂತ ಮೂರು ಮುಖವನ್ನೂ ಬೆರಳಿನಲ್ಲಿ ಮುಟ್ಟಿದಳು. ಆಮೇಲೆ ನನ್ನ ಹತ್ತಿರ ಗುಟ್ಟು ಹೇಳುವ ಹಾಗೆ, "ಆಂಟಿ, ನಾನು ಪಂಜದಲ್ಲಿ ಹಸಿರಿನವರಿಗೆ ಚಪ್ಪಾಳೆ ಹೊಡೆದೆ. ಹಿಂದಿನ ವಾರ ಪಪ್ಪ ಹಸಿರಿನಲ್ಲಿ ಇದ್ದದ್ದು. ಆದ್ರೆ ಆ ದಿನ ಪಪ್ಪ ಕೆಂಪಿನಲ್ಲಿ. ಎಲ್ಲರೂ ನಗಾಡಿದ್ರು. ಈಗ ನಾನು ಹೊಡೆಯುದಿಲ್ಲ, ಕೈ ಹೀಗೆ ಕಟ್ಟಿ ಕೂರುದು." ಕೈ ಕಟ್ಟಿ ತೋರಿಸಿದಳು.

ಲೀಲಾಮ್ಮ ನಕ್ಕರು. ಜೆರಿನಣ್ಣ ನಗಲಿಲ್ಲ.

"ಕಡಬಕ್ಕೆ ನಾನು ಯಾವ ಬಣ್ಣಕ್ಕೆ ಹೊಡೆಯುದು ಪಪ್ಪ?" ಅಂತ ಕೇಳಿದಳು.

ಅವರು ಮಗಳ ಶೂ ಲೇಸ್ ಬಿಚ್ಚುತ್ತಾ ಬಗ್ಗಿಯೇ ಇದ್ದರು. ಎರಡೂ ಶೂ ತೆಗೆದಿಟ್ಟು ನನಗೆ ಹೇಳಿದರು, "ನನಗೆ ಈ ಮಂಡಿಯಲ್ಲಿ ಇನ್ನು ಒಂದೆರಡು ವರ್ಷ ಉಂಟು, ಅಷ್ಟೆ. ಅಷ್ಟರೊಳಗೆ ಇವಳಿಗೆ ಒಂದು ಬಣ್ಣ ಹೇಳ್ಬೇಕು ಅಂತ ನನಗೂ ಉಂಟು. ಆದ್ರೆ ಯಾವುದು ಹೇಳುದು? ಎಲ್ಲಾ ಕಡೆ ನನ್ನನ್ನು ಚೆಂದ ನೋಡ್ಕೊಳ್ತಾರೆ. ಮೊದಲು ಊಟಕ್ಕೆ ಕೂರಿಸ್ತಾರೆ. ಗೆಸ್ಟ್ ಅಲ್ವಾ."

"ನೆಟ್ಟಣ?"

"ಅವರು ಕರೆಯುದಿಲ್ಲ."

ಸಣ್ಣವಳಿರುವಾಗ ನಾನು ನೋಡಿದ ನೆಟ್ಟಣ ಟೀಮು ಅಂದರೆ ಇಬ್ಬರೇ, ಶಫೀಕಣ್ಣ ಮತ್ತು ಜೆರಿನಣ್ಣ. ಶಫೀಕಣ್ಣ ಲಿಫ್ಟರ್, ನೆಟ್ಟಿನ ಹತ್ತಿರ ಬಾಲ್ ಎತ್ತಿ ಕೊಡುವವರು. ಜೆರಿನಣ್ಣ ಹೊಡೆಯುವವರು. ಉಳಿದ ನಾಲ್ಕು ಜನ ಯಾರು ಅಂತ ನನಗೆ ನೆನಪಿಲ್ಲ. "ಶಫೀಕ್ ಎತ್ತಿದ್ರೆ ನಾನು ಕಣ್ಣು ಮುಚ್ಚಿ ಹೊಡೀತಿದ್ದೆ. ಬೇರೆ ಕಡೆ ಕಣ್ಣು ಬಿಟ್ಟು ಹೊಡೀಬೇಕು," ಅಂದರು ಜೆರಿನಣ್ಣ.

ಒಂಬತ್ತು ವರ್ಷದ ಹಿಂದೆ ಪುತ್ತೂರಿನಲ್ಲಿ ದೊಡ್ಡ ಪಂದ್ಯಾಟ. ಜೆರಿನಣ್ಣ ಶನಿವಾರ ಸಂಜೆಯವರೆಗೆ ಫೋನ್ ಪಕ್ಕದಲ್ಲೇ ಇಟ್ಟು ಕಾದರಂತೆ. ಶಫೀಕಣ್ಣ ಫೋನ್ ಮಾಡಲಿಲ್ಲ. ಆರೂವರೆಗೆ ರಾಮಕುಂಜದವರು ಮಾಡಿದರು. ಆಯ್ತು ಅಂದರು. ಮರುದಿನ ಮೊದಲ ಆಟವೇ ನೆಟ್ಟಣದ ಎದುರು ಬಿತ್ತು. ರಾಮಕುಂಜ ಗೆದ್ದಿತು. ಆಮೇಲೆ ನೆಟ್ಟಣದವರು ಮಾತು ಬಿಟ್ಟರು ಅಂತಲ್ಲ, ಸಿಕ್ಕಿದರೆ ಚಾ ಕುಡಿಯುತ್ತಾರೆ, ಆಟದ ವಿಷಯ ಮಾತ್ರ ಇಲ್ಲ.

"ನಿಮ್ಮದು ತಪ್ಪಿಲ್ಲ ಹಾಗಾದ್ರೆ," ಅಂದೆ. ನನಗೆ ಆಗ ಹಾಗೇ ಕಂಡಿತು.

ಹಿಂದೆ ಬರುವಾಗ ಬಸ್ಸು ತಪ್ಪಿತು. ಸ್ಟೇಷನ್ನಿನ ಹೊರಗೆ ರೈಲಿಗೆ ಕಾಯುವ ಆಟೋಗಳಲ್ಲಿ ಮೊದಲನೆಯದೇ ಶಫೀಕಣ್ಣನದ್ದು. ನೆಟ್ಟಣ ಟೀಮಿನ ಕ್ಯಾಪ್ಟನ್ ಈಗಲೂ ಅವರೇ. ಮಗು ಹತ್ತಿದ ಕೂಡಲೇ ಹಾರ್ನ್ ಒತ್ತಲು ಬಿಟ್ಟು ಹಾಳು ಮಾಡಿದರು. ಕೋಡಿಂಬಾಳ ಮುಟ್ಟುವವರೆಗೂ ಅವಳಿಗೆ ಹಾರ್ನ್ ಬೇಕಾಯಿತು.

"ನಿಮ್ಮ ಟೀಮಿನ ಫೋಟೋ ಬರ್ಲಿಲ್ಲ ಶಫೀಕಣ್ಣ."

"ಯಾರದ್ದು ಕಳಿಸುದು ತಂಗಿ? ನಮ್ಮದು ಟೀಮು ಹೌದಾ ಅಂತ ನಮಗೇ ಡೌಟು. ನೆಟ್ಟಿನ ಫೋಟೋ ಹಾಕು. ನೆಟ್ ಮಾತ್ರ ಯಾವಾಗಲೂ ನಮ್ಮದೇ."

"ನೆಟ್ಟಣ ಅಂದ್ರೆ ಜನ ಯಾರ ಹೆಸರು ಹೇಳ್ತಾರೆ?"

ಕನ್ನಡಿಯಲ್ಲಿ ನನ್ನನ್ನು ಒಮ್ಮೆ ನೋಡಿದರು. "ಅದು ಬೇರೆ ವಿಷಯ."

"ನೀವು ಅವರನ್ನು ಕರೆಯುದಿಲ್ಲ ಯಾಕೆ?"

ಆಟೋ ನಿಧಾನ ಆಯಿತು. "ಕರೆಯುದಾ? ಜೆರಿನನ್ನಾ? ಅವ ಎಂತ ಗೆಸ್ಟಾ? ಮನೆಯವನಿಗೆ ಯಾರಾದ್ರೂ ಹೇಳಿಕೆ ಕೊಡ್ತಾರಾ? ನಿನ್ನ ಅಣ್ಣನ ಮದುವೆಗೆ ನಿನಗೆ ಕಾಗದ ಕೊಟ್ಟಿದ್ರಾ? ಪುತ್ತೂರಿಗೆ ನಾವು ಐದೇ ಜನ ಹೋದದ್ದು, ಗೊತ್ತುಂಟಾ? ಆರನೆಯವ ಮನೆಯಿಂದ ಸೀದಾ ಬರ್ತಾನೆ ಅಂತ. ಅವನ ಜೆರ್ಸಿ ನನ್ನ ಚೀಲದಲ್ಲಿ ಇತ್ತು. ನೋಡಿದ್ರೆ ಅವ ಹಸಿರು ಹಾಕಿ ಆಚೆ ಬದಿ ನಿಂತಿದ್ದಾನೆ. ಐದು ಜನ ಆಡಿದೆವು, ಸೋತೆವು."

"ಅವರು ಶನಿವಾರ ಇಡೀ ನಿಮ್ಮ ಫೋನಿಗೆ ಕಾದಿದ್ರಂತೆ."

"ಎಂತಕ್ಕೆ ಕಾಯುದು? ಬರ್ಬೇಕಿತ್ತು!"

"ಈಗ ಒಂದು ಸಲ ಕರೀರಿ. ಒಂದು ಫೋನ್."

"ಕರೆದ್ರೆ ಅವ ನೆಂಟ ಆಗ್ತಾನೆ ತಂಗಿ. ಅದು ಇನ್ನೂ ಕಷ್ಟ."

ಕರೆಯದೆ ಇದ್ದದ್ದು ಹತ್ತಿರದವನೆಂದು. ಹೋಗದೆ ಇದ್ದದ್ದು ಕರೆಯಲಿಲ್ಲವೆಂದು. ಇದರಲ್ಲಿ ಯಾರಿಗೆ ಬುದ್ಧಿ ಹೇಳುವುದು ಅಂತ ನನಗೆ ಗೊತ್ತಾಗಲಿಲ್ಲ. ಒಂದು ಗಂಟೆ ಮೊದಲು ಜೆರಿನಣ್ಣನದ್ದು ಸರಿ ಅಂತಿದ್ದೆ, ಈಗ ಶಫೀಕಣ್ಣನದ್ದೂ ಸರಿ ಕಾಣುತ್ತಿತ್ತು. ಮದುವೆಯಾದ ಮೊದಲ ವರ್ಷ ಅಮ್ಮ ಫೋನ್ ಮಾಡಿ, "ಹೊಸ ಅಕ್ಕಿ ಊಟಕ್ಕೆ ಎಲ್ಲರೂ ಬನ್ನಿ," ಅಂದಾಗ ನಾನು ಅಡುಗೆ ಕೋಣೆಯ ಬಾಗಿಲು ಹಾಕಿ ಅತ್ತಿದ್ದೆ. ಅತ್ತೆ, "ಕರೆದದ್ದಕ್ಕೆ ಯಾರಾದ್ರೂ ಅಳ್ತಾರಾ?" ಅಂತ ಕಂಗಾಲಾಗಿದ್ದರು. ಹಾಗಂತ ಈಗ ಅಮ್ಮ ಕರೆಯದೆ ಇದ್ದರೆ ಹೋಗುತ್ತೇನಾ? ಅದೂ ಗೊತ್ತಿಲ್ಲ.

ಇಳಿಯುವಾಗ ಹೇಳಿದೆ, "ಕರೆಯುದು ಬೇಡ. ಫೋಟೋ ಕಳಿಸಿ. ಹಳೇದಾದ್ರೂ ಆದೀತು. ನಾಳೆ ನಾಲ್ಕಕ್ಕೆ ಮೊದಲು."

ಏಳು ಗಂಟೆಗೆ ವಾಟ್ಸಾಪಿನಲ್ಲಿ ಬಂತು. ಕಾಗದದ ಫೋಟೋವನ್ನು ಮೊಬೈಲಿನಲ್ಲಿ ತೆಗೆದದ್ದು, ಮೂಲೆಯಲ್ಲಿ ಶಫೀಕಣ್ಣನ ಹೆಬ್ಬೆರಳೂ ಉಂಟು. ನೀಲಿ ಜೆರ್ಸಿಯ ಆರು ಜನ. ಕೊನೆಯಲ್ಲಿ ಹತ್ತೊಂಬತ್ತರ ಜೆರಿನಣ್ಣ, ಜೆರ್ಸಿ ಮೊಣಕಾಲಿನವರೆಗೆ, ಮೀಸೆ ಇನ್ನೂ ಯೋಚನೆಯಲ್ಲಿ. ಕೆಳಗೆ ಶಫೀಕಣ್ಣ ಬರೆದಿದ್ದರು, ಇದರಲ್ಲಿ ಯಾರು ಬೇಕೋ ಕತ್ತರಿಸು.

ನಾನು ಅದನ್ನು ಹಾಗೇ ಜೆರಿನಣ್ಣನಿಗೆ ಕಳಿಸಿದೆ. ಜೊತೆಗೆ ಶಫೀಕಣ್ಣ ಹೇಳಿದ್ದನ್ನೂ, ಐದು ಜನ, ಚೀಲದಲ್ಲಿದ್ದ ಜೆರ್ಸಿ, ಎಲ್ಲ ಬರೆದೆ. ಕೊನೆಗೆ, ಯಾರನ್ನು ಕತ್ತರಿಸಲಿ ಅಂತ ಕೇಳಿದೆ. ನೀಲಿ ಗೀಟು ಎರಡು ಬಿತ್ತು. ಉತ್ತರ ಇಲ್ಲ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸಿದ್ದು ತಪ್ಪಾಯಿತಾ ಅಂತ ಮಗಳನ್ನು ತಟ್ಟಿ ಮಲಗಿಸುವಾಗೆಲ್ಲ ಅದೇ ಯೋಚನೆ.

ಗುರುವಾರ ಎರಡು ಗಂಟೆಗೆ ಅಂಗಳದಲ್ಲಿ ಸ್ಕೂಟರ್ ನಿಂತಿತು. ಜೆರಿನಣ್ಣ, ಕೈಗೆ ಇನ್ನೂ ರಬ್ಬರ್ ಹಾಲಿನ ವಾಸನೆ. ಜಗಲಿಯಲ್ಲಿ ಕೂತು ನೀರು ಕುಡಿದು ಹೇಳಿದರು, "ಕೊನೆಯವನನ್ನು ಕತ್ತರಿಸು."

"ಹಾಗಾದ್ರೆ ಉಳಿದ ಮೂವರಿಗೆ ನೀವೇ ಹೇಳ್ಬೇಕು. ನಾನು ಹೇಳುದಿಲ್ಲ."

ಅವರು ಮುನವ್ವರನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

"ಮುನವ್ವರ್, ಆದಿತ್ಯವಾರ..."

"ಎಂಟೂವರೆಗೆ ಬನ್ನಿ ಜೆರಿನಣ್ಣ. ಹಸಿರು ಜೆರ್ಸಿ ಹೊಸತು ಮಾಡಿಸಿದ್ದೇವೆ."

"ಆಯ್ತು," ಅಂದು ಫೋನ್ ಇಟ್ಟರು.

ನಾನು ಅವರ ಮುಖ ನೋಡಿದೆ. ಒಳಗಿನಿಂದ ಅತ್ತೆಯ ನಗು ಕೇಳಿತು.

"ಬಾಯಿಗೆ ಅದೇ ಬಂತು," ಅಂದರು. ಹಣೆ ಒರೆಸಿಕೊಂಡು ಮತ್ತೆ ಒತ್ತಿದರು. "ಮುನವ್ವರ್, ಅಲ್ಲ. ನಾನು ನೆಟ್ಟಣಕ್ಕೆ ಆಡುದು."

"ನೆಟ್ಟಣದವರು ಕರೆದ್ರಾ?"

"ಇಲ್ಲ."

"ಮತ್ತೆ?"

"ಕರೀಲಿಲ್ಲ. ಅದಕ್ಕೇ ಹೋಗುದು."

"ನನಗೆ ಎಂತದ್ದೂ ಅರ್ಥ ಆಗ್ಲಿಲ್ಲ ಜೆರಿನಣ್ಣ. ಈಗ ನಾನು ಯಾರ ಫೋಟೋ ಕಳಿಸುದು?"

ಇದಕ್ಕೆ ಅವರು ಯೋಚನೆಯೇ ಮಾಡಲಿಲ್ಲ. "ನಿನ್ನದೇ. ಸರ್ವಿಸ್ ಮಾಡುವ ಮೊದಲು ಬಾಲಿನ ಹತ್ತಿರ ಮಾತಾಡ್ತೀಯಲ್ಲ, ಇಡೀ ಗ್ರೌಂಡು ಕಿವಿ ಕೊಡ್ತದೆ. ರಾಮಕುಂಜ ಅಂದ್ರೆ ಅದು." ಪಂಜದ ರಕ್ಷಿತನಿಗೂ ಹೇಳಿದರು, "ಪ್ರತಿ ಪಾಯಿಂಟಿಗೆ ಮೂರು ಸಲ ಬಾಲ್ ಹೊಟ್ಟೆಗೆ ಒರೆಸುವವ ಭೂಮಿಯ ಮೇಲೆ ನೀನೊಬ್ಬನೇ. ಮಕ್ಕಳು ಒಂದು ಎರಡು ಮೂರು ಅಂತ ಲೆಕ್ಕ ಹಾಕ್ತಾರೆ. ನಿನ್ನನ್ನು ಬಿಟ್ಟು ನನ್ನನ್ನು ಹಾಕುದಾ?" ಎಲ್ಲಾ ಟೀಮಿನ ಊಟ ಉಂಡವರು ಅವರು. ಯಾವ ಟೀಮಿನ ಮುಖ ಯಾವುದು ಅಂತ ಅವರಿಗಿಂತ ಚೆನ್ನಾಗಿ ಗೊತ್ತಿರುವವರು ಯಾರು? ಮೊದಲೇ ಅವರನ್ನು ಕೇಳುವ ಬುದ್ಧಿ ನಮಗ್ಯಾರಿಗೂ ಬರಲಿಲ್ಲ.

ಎರಡೂಮುಕ್ಕಾಲಿಗೆ ನನ್ನ ಗಂಡ ಊಟಕ್ಕೆ ಬಂದರು. ವಿಷಯ ಕೇಳಿ ಹೆಲ್ಮೆಟ್ ತೆಗೆಯದೆ ನಿಂತರು. "ಅದು ಹೇಗೆ ಆಗ್ತದೆ? ಮಾತು ಅಂದ್ರೆ ಮಾತು. ಮೊದಲು ಕೇಳಿದ್ದು ನಾವು. ರೂಲ್ಸಿನಲ್ಲಿ ಎಲ್ಲಿ ಉಂಟು ಕೊನೆಗೆ ಬದಲಾಯಿಸಬಹುದು ಅಂತ? ತೋರಿಸು."

ಜೆರಿನಣ್ಣ ನನ್ನ ಕಡೆ ನೋಡಿ, "ಇದೇ," ಅಂದರು. "ಕೋಡಿಂಬಾಳ ಅಂದ್ರೆ ತರ್ಕ. ಗೆದ್ದ ಪಾಯಿಂಟಿಗೂ ಅಂಪೈರ್ ಹತ್ತಿರ ಹೋಗುವ ಟೀಮು ಬೇರೆ ಇಲ್ಲ. ಅದರಲ್ಲಿ ಮೊದಲು ಹೋಗುವವರು ಹರಿಪ್ರಸಾದಣ್ಣ. ಬೆರಳು ಎತ್ತಿದ ಫೋಟೋ ಹಾಕು."

"ನಾನೆಂತ ತರ್ಕ ಮಾಡುದು?" ಅಂತ ಇವರು ಹತ್ತು ನಿಮಿಷ ತರ್ಕ ಮಾಡಿದರು. ಅತ್ತೆ ಅನ್ನ ಬಡಿಸಿ ಕರೆದ ಮೇಲೆ ನಿಂತಿತು. ಊಟ ಆದ ಮೇಲೆ ಮಾತಾಡದೆ ನನ್ನ ಫೋನಿಗೆ ಒಂದು ಫೋಟೋ ಕಳಿಸಿದರು. ಬೆರಳು ಎತ್ತಿದ್ದೇ. ಹೆಮ್ಮೆಪಡುವುದಾ ನಾಚಿಕೆಪಡುವುದಾ ಅಂತ ಗೊತ್ತಾಗದೆ ಕತ್ತರಿಸಿದೆ. ಮೂರು ಐವತ್ತೆಂಟಕ್ಕೆ ಫೈಲ್ ಹೋಯಿತು.

ಆದಿತ್ಯವಾರ ಫ್ಲೆಕ್ಸಿನ ಕೆಳಗೆ ನಿಂತು ಕುಕ್ಕಪ್ಪಣ್ಣ ಕನ್ನಡಕ ಮೇಲೆ ಕೆಳಗೆ ಮಾಡಿದರು. "ನೆಟ್ಟಣದ ಈ ಹುಡುಗ ಯಾರು ಮಗಾ? ಚೆಂದ ಉಂಟು. ಹೊಸಬನಾ?"

"ಹಳಬರು," ಅಂದೆ.

ಜೆರಿನಣ್ಣ ಮಗಳೊಂದಿಗೆ ಬಂದಾಗ ಹತ್ತು ಗಂಟೆ. ನೆಟ್ಟಣದವರು ಈ ಸಲವೂ ಐದೇ ಜನ ಬಂದಿದ್ದರು. ಜೆರಿನಣ್ಣ ಬರದಿದ್ದರೆ ಎಂತ ಮಾಡುತ್ತಿದ್ದರು? ಶಫೀಕಣ್ಣ ಬನ್ನಿ ಅನ್ನಲಿಲ್ಲ, ಕೂರಿ ಅನ್ನಲಿಲ್ಲ. ಚೀಲದಿಂದ ಒಂದು ನೀಲಿ ಜೆರ್ಸಿ ತೆಗೆದು ಅವರ ಮುಖಕ್ಕೆ ಬಿಸಾಡಿದರು. "ಎಷ್ಟು ಹೊತ್ತು ಮಾರಾಯ? ಬೇಗ ಹಾಕು."

ಆನ್ ಮರಿಯಾ ನನ್ನ ಪಕ್ಕ ಕೂತಳು, ಕೈ ಕಟ್ಟಿಕೊಂಡೇ. "ನೀಲಿ," ಅಂದೆ.

"ಇವತ್ತು ಮಾತ್ರವಾ? ಮುಂದಿನ ವಾರವೂ ನೀಲಿಯಾ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಹೇಳಿದೆ. ಕೈ ಬಿಚ್ಚಲಿಲ್ಲ.

ನೆಟ್ಟಣದ ಮೊದಲ ಆಟ ಕೋಡಿಂಬಾಳದ ಎದುರು. ಒಂದು ಬದಿ ತವರು, ಒಂದು ಬದಿ ಗಂಡ. ಮಗು ನನ್ನ ಎರಡೂ ಕೈಯಲ್ಲಿ ಇದ್ದದ್ದು ಒಳ್ಳೆಯದಾಯಿತು, ಚಪ್ಪಾಳೆಯ ಪ್ರಶ್ನೆ ಬರಲಿಲ್ಲ. ಮೊದಲ ನಾಲ್ಕೈದು ಬಾಲ್ ಶಫೀಕಣ್ಣ ಎತ್ತಿದ್ದು ಒಂದು ಕಡೆ, ಜೆರಿನಣ್ಣ ಹಾರಿದ್ದು ಇನ್ನೊಂದು ಕಡೆ. ಒಂಬತ್ತು ವರ್ಷ ಅಲ್ವಾ. ಜನ ನಗಾಡಿದರು. ಎರಡನೇ ಸೆಟ್ಟಿನ ಮಧ್ಯದಲ್ಲಿ ಒಂದು ಬಾಲ್ ಎದ್ದಿತು. ಜೆರಿನಣ್ಣ ಹಾರಿದರು. ಕಣ್ಣು ಮುಚ್ಚಿದ್ದರಾ ಅಂತ ನನಗೆ ದೂರದಿಂದ ಕಾಣಲಿಲ್ಲ. ಬಾಲ್ ಬಿದ್ದದ್ದು ಮಾತ್ರ ಕೇಳಿತು. ನನ್ನ ಗಂಡ ಬೆರಳು ಎತ್ತಿಕೊಂಡು ಅಂಪೈರ್ ಹತ್ತಿರ ಓಡಿದರು, ಫ್ಲೆಕ್ಸಿನಲ್ಲಿದ್ದ ಹಾಗೆಯೇ. ಇಡೀ ಮೈದಾನ ಫ್ಲೆಕ್ಸಿನ ಕಡೆ ತಿರುಗಿ ನಕ್ಕಿತು.

ಆ ಒಂದು ಬಾಲ್ ಬಿಟ್ಟರೆ ಹೇಳುವಂಥದ್ದಿಲ್ಲ. ನೆಟ್ಟಣ ಎರಡೂ ಸೆಟ್ ಸೋತಿತು.

ಜೆರಿನಣ್ಣ ನಮ್ಮ ಕಡೆ ಬರುವಾಗ ಮುನವ್ವರ್ ಅಡ್ಡ ಬಂದ. "ಮುಂದಿನ ಆದಿತ್ಯವಾರ ಸುಳ್ಯದಲ್ಲಿ ಉಂಟು. ಅಲ್ಲಿ ಈ ಮುಖದ ರೂಲ್ಸು ಎಲ್ಲ ಇಲ್ಲ. ನಮಗೆ ಬರ್ತೀರಲ್ಲ?"

ಜೆರಿನಣ್ಣನ ಬಾಯಿ ತೆರೆಯಿತು. ಯಾವ ಮಾತು ಬರುತ್ತದೆ ಅಂತ ನನಗೆ ಗೊತ್ತಿತ್ತು. ಆನ್ ಮರಿಯಾಳಿಗೂ ಗೊತ್ತಿತ್ತು, ಪಪ್ಪನ ಮುಖವನ್ನೇ ನೋಡುತ್ತಿದ್ದಳು.

"ಶಫೀಕನನ್ನು ಕೇಳ್ಬೇಕು," ಅಂದರು.

ಮುನವ್ವರನಿಗೆ ಇದೂ ಅರ್ಥ ಆದ ಹಾಗೆ ಕಾಣಲಿಲ್ಲ. ತಲೆ ಕೆರೆದುಕೊಂಡು ಹೋದ. ಅಭ್ಯಾಸಬಲದಿಂದ ಜೆರಿನಣ್ಣ ಜೆರ್ಸಿಯನ್ನು ತಲೆಯ ಮೇಲಿನಿಂದ ಎಳೆದು ಅರ್ಧ ಬಿಚ್ಚಿದ್ದರು, ಕೊಟ್ಟು ಹೋಗಲಿಕ್ಕೆ.

"ಎಂತ ಬಿಚ್ಚುದು?" ಶಫೀಕಣ್ಣ ಚೀಲಕ್ಕೆ ಬಾಲ್ ತುಂಬುತ್ತಾ, ತಿರುಗದೆ ಕೇಳಿದರು. "ನಿನ್ನ ಬೆವರು ನಾನು ತೊಳೆಯುದಾ? ಮನೆಗೆ ತಕ್ಕೊಂಡು ಹೋಗು. ಬುಧವಾರ ಪ್ರಾಕ್ಟೀಸಿಗೆ ಹಾಕ್ಕೊಂಡು ಬಾ."

ಜೆರಿನಣ್ಣ ಜೆರ್ಸಿಯೊಳಗೆ ಕೈ ಸಿಕ್ಕಿಸಿಕೊಂಡು, ತಲೆ ಕಾಣದೆ, ಒಂದು ನಿಮಿಷ ಹಾಗೇ ನಿಂತರು. ಹೊರಗೆ ಬರುವುದಾ ಒಳಗೆ ಹೋಗುವುದಾ ಅಂತ ಅವರಿಗೆ ಗೊತ್ತಾಗದ ಹಾಗೆ. ಆಮೇಲೆ ಕೆಳಗೆ ಎಳೆದುಕೊಂಡರು.

ಸ್ಕೂಟರಿನ ಹಿಂದೆ ಕೂತ ಆನ್ ಮರಿಯಾ ಆ ಒದ್ದೆ ನೀಲಿ ಬೆನ್ನನ್ನು ಒಮ್ಮೆ ಮುಟ್ಟಿ ನೋಡಿದಳು. ಗೇಟು ದಾಟುವಾಗ ನನ್ನ ಕಡೆ ತಿರುಗಿ ಕೂಗಿದಳು, "ಆಂಟೀ, ಪಪ್ಪ ಅಂಗಿ ವಾಪಸು ಕೊಡ್ಲಿಲ್ಲ!"

ಆಟ ಮುಗಿದು ಅರ್ಧ ಗಂಟೆ ಆಗಿತ್ತು. ಮೈದಾನದಲ್ಲಿ ಬೇರೆ ಎರಡು ಟೀಮು ಆಡುತ್ತಿದ್ದವು. ಅವಳು ಎರಡೂ ಕೈ ಬಿಟ್ಟು ಚಪ್ಪಾಳೆ ಹೊಡೆದಳು. ಹಿಡ್ಕೊ ಮಗಾ, ಬೀಳ್ತೀ ಅಂತ ನಾನು ಕೂಗಿದ್ದು ಕೇಳಿತೋ ಇಲ್ಲವೋ.